ನಾಲ್ಕು ಯಂತ್ರ, ನಲವತ್ತೇಳು ಹೆಸರು

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ನ್ಯಾಮತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ನಾಲ್ಕೂ ಕಂಪ್ಯೂಟರುಗಳು ಕೆಲಸ ನಿಲ್ಲಿಸಿದವು. ಕರೆಂಟ್ ಹೋಗಿ ಬಂದಿತ್ತು. ಬಂದ ಮೇಲೆ ತೆರೆಯ ಮೇಲೆ ಮೊದಲಿನ ಚಿತ್ರ ಕಾಣಲಿಲ್ಲ. ಕಪ್ಪು ತೆರೆ, ಎಡ ಮೂಲೆಯಲ್ಲಿ ಬಿಳಿ ಅಕ್ಷರದ ಒಂದು ಸಾಲು, ಅದರ ಮುಂದೆ ಮಿಟುಕುವ ಗೆರೆ. ನಾಲ್ಕರಲ್ಲೂ ಅದೇ. ಆ ಹೊತ್ತಿಗೆ ನಾನು ಅಲ್ಲಿದ್ದೆ. ಗೋಡೆ ಗಡಿಯಾರ ನೋಡಿ ಸಮಯ ಬರೆದುಕೊಂಡೆ.

ಕಳೆದ ವಾರ ಹಳೆಯ ನಿಘಂಟೊಂದನ್ನು ಹುಡುಕಿಕೊಂಡು ಮತ್ತೆ ಅಲ್ಲಿಗೆ ಹೋಗಿದ್ದೆ. ಬೀರುವಿನ ಬಾಗಿಲು ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಆ ಜುಲೈಯಲ್ಲಿ ಆರು ದಿನ ಇದೇ ವಾಸನೆಯ ನಡುವೆ ಕೂತಿದ್ದೆವು. ಇರಚಲು ಬರುತ್ತದೆಂದು ಕಿಟಕಿ ತೆಗೆಯುವಂತಿರಲಿಲ್ಲ.

ನಾನು ದಾವಣಗೆರೆಯ ಒಂದು ಪತ್ರಿಕೆಯಲ್ಲಿ ಬಹುಕಾಲ ಉಪಸಂಪಾದಕನಾಗಿದ್ದು, ನಿವೃತ್ತನಾಗಿ ನ್ಯಾಮತಿಗೆ ಬಂದವನು. ಬೆಳಿಗ್ಗೆ ಎರಡು ಮೂರು ಪತ್ರಿಕೆ ಓದದಿದ್ದರೆ ದಿನ ಶುರುವಾಗದು. ಹಾಗಾಗಿ ಸೈಕಲ್ ಹೊಡೆದುಕೊಂಡು ಈ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿನ ಮೇಲ್ವಿಚಾರಕಿ ಸುಜಾತ. ಆಗ ಮೂವತ್ತಾರು ವಯಸ್ಸು. ಅವರ ತಂದೆ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಮಗಳನ್ನು ಪಿಯುಸಿವರೆಗೆ ಓದಿಸಿದವರು. ಸುಜಾತರ ಮೇಜಿನ ಗಾಜಿನ ಕೆಳಗೆ ಬುದ್ಧನ ಚಿತ್ರವಿರುವ ಒಂದು ಪುಟ್ಟ ಕ್ಯಾಲೆಂಡರ್ ಇರುತ್ತಿತ್ತು. ಅದರಲ್ಲಿ ಅವರು ಪುಸ್ತಕ ವಾಪಸ್ ಬರಬೇಕಾದ ದಿನಗಳಿಗೆ ಸುತ್ತು ಹಾಕುತ್ತಿದ್ದರು.

ಕಂಪ್ಯೂಟರುಗಳು ಬಂದದ್ದು ಅವರು ಬರೆದ ಐದು ಅರ್ಜಿಗಳ ನಂತರ. ನಗರದ ಯಾವುದೋ ಕಚೇರಿ ಹೊಸದನ್ನು ತೆಗೆದುಕೊಂಡಾಗ ಹೊರಗೆ ಹಾಕಿದ ಯಂತ್ರಗಳು. ಹೊಸ ವ್ಯವಸ್ಥೆಗಳ ಭಾರ ತಾಳುವುದಿಲ್ಲವೆಂದು ಅವುಗಳಿಗೆ ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿ ಕಳಿಸಿದ್ದರು. ಅದಕ್ಕೆ ಮುಂಚೆ ಆ ಗ್ರಂಥಾಲಯಕ್ಕೆ ಬರುತ್ತಿದ್ದವರು ಗಂಡಸರು ಮಾತ್ರ. ಪತ್ರಿಕೆ ಓದಿ, ಒಂದಿಷ್ಟು ರಾಜಕೀಯ ಮಾತಾಡಿ, ಹತ್ತು ಗಂಟೆಗೆ ಎದ್ದು ಹೋಗುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮಧ್ಯಾಹ್ನ ಏಳು ಹೆಂಗಸರು ಬರತೊಡಗಿದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ರೇಣುಕಮ್ಮ ಮೂರು ಗಂಟೆಗೆ ಪಾತ್ರೆ ತೊಳೆದು ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮೊದಲ ಯಂತ್ರದ ಮುಂದೆ ಕೂರುತ್ತಿದ್ದರು. ಅವರೆಲ್ಲ ಸೇರಿ ಎಂಟು ತಿಂಗಳಲ್ಲಿ ಗ್ರಂಥಾಲಯದ ಎರಡು ಸಾವಿರ ಪುಸ್ತಕಗಳ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡಿದ್ದರು. ಟೈಪಿಂಗ್ ಕಲಿತದ್ದೂ ಆ ಪಟ್ಟಿ ಮಾಡುತ್ತಲೇ.

ಆ ಜೂನ್ ಕೊನೆಯಲ್ಲಿ ಜಿಲ್ಲಾ ಕಚೇರಿಯಿಂದ ಒಂದು ಪತ್ರ ಬಂತು. ಬಳಕೆಯಲ್ಲಿಲ್ಲದ ಕಂಪ್ಯೂಟರುಗಳನ್ನು ಬೇಡಿಕೆ ಇರುವ ಗ್ರಂಥಾಲಯಗಳಿಗೆ ವರ್ಗಾಯಿಸಲಾಗುವುದು. ಪರಿಶೀಲನೆಗೆ ಜುಲೈ ಮೂರನೇ ಶನಿವಾರ ಹನ್ನೊಂದು ಗಂಟೆಗೆ ಅಧಿಕಾರಿ ಬರುತ್ತಾರೆ. ಜಗಳೂರು ಕಡೆಯ ಒಂದು ಗ್ರಂಥಾಲಯ ಯಂತ್ರ ಕೇಳಿದೆಯೆಂದು ಪಂಚಾಯಿತಿಯ ಪಿಡಿಒ ಮೇಡಂ ಹೇಳಿದ್ದರು. ಸುಜಾತ ಆ ಶನಿವಾರಕ್ಕೂ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದರು. ಪತ್ರ ಓದಿದಾಗ ಅವರಿಗೆ ಭಯವಿರಲಿಲ್ಲ. ನಾಲ್ಕೂ ನಡೆಯುತ್ತಿದ್ದವು.

ಅವರಿಗೆ ಕಂಪ್ಯೂಟರ್ ತರಬೇತಿ ಸಿಕ್ಕಿದ್ದು ಹೊನ್ನಾಳಿಯಲ್ಲಿ ಒಂದೇ ಒಂದು ದಿನ. ಕಪ್ಪು ಕಿಟಕಿ ತೆರೆದು ಒಂದು ಸಾಲು ಬರೆದರೆ ಬೇಕಾದ ತಂತ್ರಾಂಶ ನೆಟ್‌ನಿಂದ ಬಂದು ಕೂರುತ್ತದೆ. ಇನ್ನೊಂದು ಸಾಲು ಬರೆದರೆ ಬೇಡವಾದದ್ದು ಹೋಗುತ್ತದೆ. ಇನ್‌ಸ್ಟಾಲ್ ಸಾಲು, ರಿಮೂವ್ ಸಾಲು. ತರಬೇತಿ ಕೊಟ್ಟ ಹುಡುಗಿ ಕೊನೆಗೆ ಬೋರ್ಡಿನ ಕೆಳಗೆ ಮತ್ತೊಂದು ಸಾಲು ಬರೆದಿದ್ದಳಂತೆ. ಸುಜಾತ ಮೂರನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದರು. “ಮೌಸ್ ಹಿಡಿಯೋದಕ್ಕಿಂತ ಇದೇ ಸಲೀಸು ಐತೆ ಸರ,” ಎಂದಿದ್ದರು ನನಗೆ. “ಹೆಸರು ಹೇಳಿದ್ರೆ ತಂದುಕೊಡ್ತದೆ. ನಾನೂ ದಿನಾ ಮಾಡೋದು ಅದನ್ನೇ ತಾನೆ?”

ಮಾಡಿದ್ದನ್ನು ಬರೆದಿಡುವುದು ಅವರ ಕಸುಬು. ಗ್ರಂಥಾಲಯಕ್ಕೆ ಪುಸ್ತಕ ಬಂದರೆ ಸ್ಟಾಕ್ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಹೆಸರು, ಬಂದ ದಿನ. ತೆಗೆದು ಹಾಕಿದರೆ ಅದೇ ಸಾಲಿನ ಮೇಲೆ ಕೆಂಪು ಗೆರೆ, ಷರಾ ಕಾಲಮಿನಲ್ಲಿ ಕಾರಣ, ಸಹಿ. ತಂತ್ರಾಂಶಗಳಿಗೂ ಅವರು ಅಂಥದೇ ಒಂದು ರಿಜಿಸ್ಟರ್ ತೆರೆದರು. ಟೈಪಿಂಗ್ ಕಲಿಸುವ ಪ್ಯಾಕೇಜು, ಕನ್ನಡದ ಅಕ್ಷರಗಳ ಪ್ಯಾಕೇಜು, ಮಕ್ಕಳ ಲೆಕ್ಕದ ಆಟ, ನಿಘಂಟು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಕೇಳಿದವರ ಹೆಸರು. ಮೂವತ್ತು ವರ್ಷ ಸುದ್ದಿಮನೆಯಲ್ಲಿದ್ದ ನಾನು ಇಷ್ಟು ಶುದ್ಧವಾಗಿ ದಾಖಲೆ ಇಟ್ಟವರನ್ನು ಕಂಡದ್ದು ಕಡಿಮೆ.

ತಪ್ಪಾದದ್ದೂ ಅಲ್ಲಿಯೇ. ಪರಿಶೀಲನೆಗೆ ಮುಂಚೆ ಯಂತ್ರಗಳಲ್ಲಿ ಜಾಗ ಸಾಲದೆಂಬ ಎಚ್ಚರಿಕೆ ಬರತೊಡಗಿತ್ತು. ಬೀರು ತುಂಬಿದಾಗ ಗ್ರಂಥಾಲಯದಲ್ಲಿ ಏನು ಮಾಡುತ್ತಾರೋ ಸುಜಾತ ಅದನ್ನೇ ಮಾಡಿದರು. ಯಾರೂ ಕೇಳದ ಪುಸ್ತಕಗಳ ರದ್ದತಿ ಪಟ್ಟಿ ಮಾಡುವಂತೆ, ಯಂತ್ರದೊಳಗಿದ್ದ ಪ್ಯಾಕೇಜುಗಳ ಹೆಸರುಗಳನ್ನೆಲ್ಲ ತೆರೆಯ ಮೇಲೆ ತರಿಸಿ ತಮ್ಮ ರಿಜಿಸ್ಟರಿನೊಡನೆ ಹೋಲಿಸಿದರು. ಪೈಥಾನ್ ಎಂಬ ಹೆಸರು ಮತ್ತೆ ಮತ್ತೆ ಕಂಡಿತು. ಅದಕ್ಕೆ ರಿಜಿಸ್ಟರಿನಲ್ಲಿ ಸಂಖ್ಯೆ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ರಿಮೂವ್ ಸಾಲು ಬರೆದರು. ಯಂತ್ರ ಉದ್ದನೆಯ ಪಟ್ಟಿಯೊಂದನ್ನು ತೋರಿಸಿ ಇವೂ ಹೋಗುತ್ತವೆ, ಸರಿಯೇ ಎಂದು ಕೇಳಿತು. ರದ್ದತಿ ಪಟ್ಟಿ ಯಾವಾಗಲೂ ಉದ್ದವೇ ಇರುತ್ತದೆ. ಅವರು ಹೌದು ಎಂದು ಒತ್ತಿದರು. ಒಂದು ಪುಸ್ತಕ ರದ್ದಾದರೆ ಅದರ ಎಲ್ಲ ಪ್ರತಿಗಳೂ ಅದೇ ದಿನ ರದ್ದಾಗಬೇಕೆಂಬ ನಿಯಮದಂತೆ ಉಳಿದ ಮೂರರಲ್ಲೂ ಅದನ್ನೇ ಮಾಡಿದರು. ತೆರೆಯ ಮೇಲೆ ಏನೂ ಬದಲಾಗಲಿಲ್ಲ. ನಡೆಯುತ್ತಿದ್ದದ್ದು ನಡೆಯುತ್ತಲೇ ಇತ್ತು. ಕರೆಂಟ್ ಹೋಗಿ ಯಂತ್ರಗಳು ಹೊಸದಾಗಿ ಶುರುವಾದಾಗ ಗೊತ್ತಾಯಿತು: ಪೈಥಾನನ್ನು ಆಧರಿಸಿಕೊಂಡಿದ್ದ ತಂತ್ರಾಂಶಗಳೆಲ್ಲ, ತೆರೆಗೆ ಚಿತ್ರ ತರುವುದೂ ಸೇರಿ, ಅದರ ಜೊತೆಗೇ ಹೋಗಿದ್ದವು.

ದಿನವೂ ನನ್ನೆದುರು ಕೂತು ಪತ್ರಿಕೆ ಓದುವ ಹಾಲಪ್ಪ ಕನ್ನಡಕ ಮೇಲೆತ್ತಿ ನಾಲ್ಕು ಕಪ್ಪು ತೆರೆಗಳನ್ನೂ ನೋಡಿದರು. “ಬೀರುನಾಗಿಂದ ಒಂದು ಪುಸ್ತಕ ತೆಗದ್ರೆ ಬೀರು ಬೀಳಲ್ಲ ಕಣವ್ವ,” ಎಂದರು. “ಇದೇನು ಒಂದು ತೆಗೆದದ್ದಕ್ಕೆ ಮನೆನೇ ಬಿತ್ತಲ್ಲ.”

ಸುಜಾತ ರಿಜಿಸ್ಟರ್ ತೆರೆದು, ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು. ನಾನು ಬಗ್ಗಿ ನೋಡಿದೆ. ‘ಪೈಥಾನ್, ನಾಲ್ಕು ಪ್ರತಿ. ತಪ್ಪಿ ತೆಗೆದದ್ದು.’

ಅಷ್ಟರಲ್ಲಾಗಲೇ ಊರಿನ ನೆಟ್ ಹೋಗಿ ಎರಡು ವಾರವಾಗಿತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿ ಕೇಬಲ್ ಎಳೆದು ಹಾಕಿತ್ತು. ಮೊಬೈಲಿನಿಂದ ನೆಟ್ ಕೊಡೋಣವೆಂದರೆ, ಅದನ್ನು ಹಿಡಿಯುವ ಪ್ಯಾಕೇಜೂ ಆ ಉದ್ದನೆಯ ಪಟ್ಟಿಯಲ್ಲಿ ಹೋಗಿತ್ತು. ನನಗೆ ಪರಿಚಯವಿದ್ದ ಇಲಿಯಾಸ್‌ಗೆ ಫೋನ್ ಮಾಡಿದೆ. ಚನ್ನಗಿರಿಯ ಬಸ್ ನಿಲ್ದಾಣದ ಹಿಂದೆ ಅವರದು ಮದುವೆ ಪತ್ರಿಕೆ, ಜಾಹೀರಾತು ಟೈಪ್ ಮಾಡಿಕೊಡುವ ಅಂಗಡಿ. “ಯಾಕ್ ತಲೆ ಕೆಡಿಸ್ಕೊಂತೀರಿ ಸಾರ್, ಪೂರಾ ಫಾರ್ಮ್ಯಾಟ್ ಹೊಡೆದು ಬ್ಯಾರೆ ಹಾಕಿಬಿಡಾಣ. ಅರ್ಧ ದಿನದ ಕೆಲ್ಸ,” ಎಂದರು. ಒಳಗಿರುವ ಪಟ್ಟಿ ಉಳಿಯುತ್ತದೆಯೇ ಎಂದು ಕೇಳಿದೆ. ಅದಕ್ಕೆ ಗ್ಯಾರಂಟಿ ಕೊಡಲಾರೆ ಎಂದರು. ಲಿನಕ್ಸ್ ತಮಗೆ ಅಷ್ಟು ಗೊತ್ತಿಲ್ಲವೆಂದೂ ಹೇಳಿದರು.

ಫೋನಿನ ಮಾತು ಸುಜಾತರ ಕಿವಿಗೂ ಬಿದ್ದಿತ್ತು. “ಬ್ಯಾಡ ಸರ,” ಎಂದರು. “ಏನೇನು ಹೋಗೈತೋ ಅದರ ಹೆಸರು ಗೊತ್ತಾಗಲಿ. ಹೆಸರಿಟ್ಟು ವಾಪಸ್ ತರ್ತೀನಿ.”

ಏನು ಹೋಯಿತೆಂದು ತಿಳಿಯುವುದು ಹೇಗೆ? ಸುದ್ದಿಮನೆಯಲ್ಲಿ ಗೊಂದಲವಾದಾಗ ನಾವು ಮೊದಲು ಕೇಳುತ್ತಿದ್ದದ್ದು ದಾಖಲೆ ಎಲ್ಲಿದೆ ಎಂದು. ನಾನು ಅದನ್ನೇ ಕೇಳಿದೆ. ಸುಜಾತ ತರಬೇತಿಯ ನೋಟ್‌ಬುಕ್ ತೆಗೆದು, ಬೋರ್ಡಿನ ಕೆಳಗಿದ್ದ ಮೂರನೇ ಸಾಲನ್ನು ತೋರಿಸಿದರು. ಆವರೆಗೆ ಅವರು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಮಂಗಳವಾರ ಬೆಳಿಗ್ಗೆ ಕಪ್ಪು ತೆರೆಯಲ್ಲಿ ಹೆಸರು, ಗುಟ್ಟಿನ ಪದ ಕೊಟ್ಟು ಒಳಗೆ ಹೋಗಿ ಆ ಸಾಲನ್ನು ಬರೆದರು. ಯಂತ್ರ ತನ್ನದೇ ಒಂದು ರಿಜಿಸ್ಟರ್ ತೆರೆಯಿತು. ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತೆರಡಕ್ಕೆ ಕೊಟ್ಟ ಆಜ್ಞೆ ಯಾವುದು, ಅದರಿಂದ ಹೋದ ಪ್ಯಾಕೇಜುಗಳು ಯಾವುವು, ಎಲ್ಲ ಅಲ್ಲಿತ್ತು. ಎಣಿಸಿದೆವು. ನಲವತ್ತೇಳು ಹೆಸರು.

ನಾನು ಓದಿ ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಪ್ರತಿ ಹೆಸರಿನ ಕೊನೆಗೆ ಎರಡು ಚುಕ್ಕಿ, ಅದರ ಮುಂದೆ ಮೂರು ಅಕ್ಷರ, 64 ಎಂಬ ಅಂಕಿ. ಮೂರನೇ ಹೆಸರಿನ ಹೊತ್ತಿಗೆ ಅದು ಅನಗತ್ಯವೆನಿಸಿತು. ವರದಿಗಾರರು ಪ್ರತಿ ಸಾಲಿನಲ್ಲೂ ಒಂದೇ ಮಾತು ಬರೆದು ಕಳಿಸಿದರೆ ನಾವು ಕತ್ತರಿಸುತ್ತಿದ್ದೆವು. ಅದನ್ನು ಓದುವುದು ಬಿಟ್ಟೆ. ಸುಜಾತ ತಲೆಯೆತ್ತಿ, “ಹಿಂದೆ ಇರೋ ಬಾಲ ಬರೀಬ್ಯಾಡ್ವಾ ಸರ?” ಎಂದರು.

“ಎಲ್ಲದಕ್ಕೂ ಅದೇ ಇದೆ, ಬೇಡ,” ಎಂದೆ.

ಉಳಿದ ಯಂತ್ರಗಳನ್ನೂ ನೋಡೋಣವೆಂದು ಅವರೇ ಹಟ ಹಿಡಿದರು. ಒಂದೇ ಪುಸ್ತಕದ ಪ್ರತಿಗಳಾದರೂ ಒಂದೊಂದಕ್ಕೆ ನಂಬರ್ ಬೇರೆ ಇರುತ್ತದೆ ಎನ್ನುವುದು ಅವರ ವಾದ. ನಾನು ಮೂರನ್ನೂ ತೆರೆದು ಹೆಸರುಗಳನ್ನು ಎಣಿಸಿದೆ. ಒಂದೊಂದರಲ್ಲೂ ನಲವತ್ತೇಳು. ಸರಿಯಿದೆ ಎಂದು ಟಿಕ್ ಹಾಕಿದೆ.

ಬುಧವಾರ ಆ ಪಟ್ಟಿ ಹಿಡಿದು ಚನ್ನಗಿರಿಗೆ ಹೋದೆವು. ನ್ಯಾಮತಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ಇನ್ನೊಂದು. ಹೊಳೆಯಲ್ಲಿ ಕೆಂಪು ನೀರು ಸೇತುವೆಯ ಕಂಬಗಳನ್ನು ಅರ್ಧ ಮುಳುಗಿಸಿತ್ತು. ಚನ್ನಗಿರಿಯ ನಿಲ್ದಾಣದಲ್ಲಿ ಸೂಳೆಕೆರೆಯ ಮೀನಿನ ಬುಟ್ಟಿಗಳನ್ನು ಕೆಳಗಿಳಿಸುತ್ತಿದ್ದವರ ನಡುವೆ ಸುಜಾತ ರಿಜಿಸ್ಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಡೆದರು. ಇಲಿಯಾಸ್ ಗೊಣಗುತ್ತಲೇ ಹೆಸರುಗಳನ್ನು ಹುಡುಕಿ ಒಂದೊಂದಾಗಿ ಇಳಿಸಿಕೊಂಡು ಪೆನ್‌ಡ್ರೈವಿಗೆ ತುಂಬಿಸಿದರು. ನಡುವೆ ಮದುವೆ ಪತ್ರಿಕೆಯವರು ಬಂದು ಅಕ್ಷರ ತಿದ್ದಿಸಿಕೊಂಡು ಹೋದರು. ನಮ್ಮ ಕೆಲಸ ಮುಗಿದಾಗ ನಾಲ್ಕು ಗಂಟೆ.

ಗುರುವಾರ ಯಂತ್ರ ಅವುಗಳನ್ನು ಒಪ್ಪಲಿಲ್ಲ. ಪೆನ್‌ಡ್ರೈವಿನಿಂದ ಹಾಕುವ ಸಾಲು ಬರೆದಾಗಲೆಲ್ಲ, ಇದಕ್ಕೆ ಅದು ಬೇಕು, ಅದು ಇಲ್ಲ ಎಂಬ ಉತ್ತರ. ನಾವು ತಂದದ್ದು ಇತ್ತೀಚಿನ ಪ್ರತಿಗಳು. ಅವು ಕೇಳುತ್ತಿದ್ದ ಆಧಾರಗಳೂ ಇತ್ತೀಚಿನವು. ಸುಜಾತ ಸಿಟ್ಟಾಗಲಿಲ್ಲ. ಯಂತ್ರ ಕೇಳಿದ ಹೆಸರುಗಳನ್ನು ಹೊಸ ಪುಟದಲ್ಲಿ ಬರೆದುಕೊಂಡರು. ಒಂಬತ್ತು. ಮಧ್ಯಾಹ್ನ ಎಂದಿನಂತೆ ಬಂದ ರೇಣುಕಮ್ಮ ಕಪ್ಪು ತೆರೆಯ ಮುಂದೆ ಕೂತರು. ಶನಿವಾರ ಇವನ್ನು ಒಯ್ದುಬಿಟ್ಟರೆ ತಾವು ಇಲ್ಲಿಗೆ ಏನೆಂದು ಬರುವುದು ಎಂದು ಸುಜಾತರನ್ನು ಕೇಳಿದರು. “ಪೇಪರ್ ಓದಾಕೆ ಬರ್ತೀನಿ ಅಂದ್ರೆ ಮನೇಲಿ ಬಿಡಲ್ಲಕ್ಕ. ಕಂಪ್ಯೂಟರ್ ಅಂದ್ರೆ ಬಿಡ್ತಾರೆ.” ಸುಜಾತ ಪಟ್ಟಿಯ ಒಂಬತ್ತು ಹೆಸರುಗಳನ್ನು ಇನ್ನೊಮ್ಮೆ ತೆರೆಯೊಡನೆ ಹೋಲಿಸಿ ನೋಡಿದರು.

ಶುಕ್ರವಾರ ಮತ್ತೆ ಚನ್ನಗಿರಿ. ಜಡಿಮಳೆ. ಇಲಿಯಾಸ್ ನಮಾಜಿಗೆ ಹೋಗಿದ್ದರು. ಅಂಗಡಿಯ ಕಟ್ಟೆಯ ಮೇಲೆ ಎರಡು ತಾಸು ಕಾದೆವು. ಬಂದವರು ನಮ್ಮನ್ನು ನೋಡಿ ನಕ್ಕರು.

“ಫಾರ್ಮ್ಯಾಟ್ ಹೊಡೆದಿದ್ರೆ ಮೊನ್ನೆನೇ ಮುಗೀತಿತ್ತಲ್ಲ ಮೇಡಂ.”

“ಮುಗೀತಿತ್ತು ಅಣ್ಣ,” ಎಂದರು ಸುಜಾತ. “ಎರಡು ಸಾವಿರ ಪುಸ್ತಕದ ಪಟ್ಟಿನೂ ಮುಗೀತಿತ್ತು.”

ಇಲಿಯಾಸ್ ಒಂಬತ್ತರ ಜೊತೆಗೆ, ಆ ಒಂಬತ್ತು ಏನೇನು ಕೇಳಬಹುದೆಂದು ತಾವೇ ಓದಿ ನೋಡಿ ಇನ್ನೆರಡನ್ನು ಸೇರಿಸಿಕೊಟ್ಟರು. ಆ ಎರಡು ಇಲ್ಲದಿದ್ದರೆ ನಾವು ಮತ್ತೊಂದು ಸಲ ಬರಬೇಕಾಗುತ್ತಿತ್ತು, ಅದಕ್ಕೆ ದಿನವಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಸುಜಾತ ಗ್ರಂಥಾಲಯದ ಬಾಗಿಲು ತೆಗೆದರು. ಎಂಟೂವರೆಗೆ ಮೊದಲ ಯಂತ್ರದಲ್ಲಿ ಚಿತ್ರ ಬಂತು. ಎರಡನೆಯದು, ಮೂರನೆಯದು ಒಂಬತ್ತೂವರೆ ಒಳಗೆ ಎದ್ದವು. ಪಟ್ಟಿಯ ಕಡತ ತೆರೆದರು. ಎರಡು ಸಾವಿರ ಪುಸ್ತಕವೂ ಇದ್ದವು. ಹಾಲಪ್ಪ ಪತ್ರಿಕೆ ಮಡಿಚಿಟ್ಟು ಎದ್ದು ಬಂದು ನೋಡಿ ಹೋದರು.

ನಾಲ್ಕನೆಯದು ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನನ್ನ ಜಾತಿಗೆ ಇದು ಹೊಂದುವುದಿಲ್ಲ ಎಂಬರ್ಥದ ಒಂದೇ ಉತ್ತರ, ಪ್ರತಿ ಸಲವೂ. ಸುಜಾತ ಅದರ ದಾಖಲೆಯನ್ನು ಮತ್ತೆ ತೆರೆದು ಬೆರಳಿಟ್ಟು ಓದಿದರು. ಅದರಲ್ಲೂ ನಲವತ್ತೇಳು ಹೆಸರು, ಅವೇ ಹೆಸರು. ಆದರೆ ಬಾಲದಲ್ಲಿ 64 ಇರಲಿಲ್ಲ, 386 ಇತ್ತು. ಅದು ಇನ್ನೂ ಹಳೆಯ ಕಾಲದ ಯಂತ್ರ; ಅದಕ್ಕೆ ಬೇರೆಯೇ ಪ್ರತಿಗಳು ಬೇಕಿತ್ತು. ಬಾಲವೆಂದು ನಾನು ಕತ್ತರಿಸಿದ್ದು ಅದೇ ವ್ಯತ್ಯಾಸವನ್ನು. ಆಗ ಗಂಟೆ ಹತ್ತೂ ಕಾಲು. ಚನ್ನಗಿರಿಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ.

ಹನ್ನೊಂದೂ ಹತ್ತಕ್ಕೆ ಅಧಿಕಾರಿ ಬಂದರು. ಅಂದು ಶಾಲೆ ಅರ್ಧ ದಿನ. ರೇಣುಕಮ್ಮ ಬೇಗ ಕೆಲಸ ಮುಗಿಸಿ ಬಂದು ಮೊದಲ ಯಂತ್ರದ ಮುಂದೆ ಕೂತಿದ್ದರು. ಏನಾದರೂ ಟೈಪ್ ಮಾಡಿ ಎಂದು ಅಧಿಕಾರಿ ಹೇಳಿದರು. ರೇಣುಕಮ್ಮ ಆ ದಿನ ಬೇಯಿಸಿದ ಅಡುಗೆಯ ವಿವರವನ್ನು ಮೂರು ಸಾಲಿನಲ್ಲಿ, ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದರು. ಅಧಿಕಾರಿ ಓದಿ ತಲೆಯಾಡಿಸಿದರು. ನಾಲ್ಕನೇ ಯಂತ್ರದ ಮುಂದೆ ನಿಂತು ಇದೇನು ಎಂದು ಕೇಳಿದರು. ಸುಜಾತ ರಿಜಿಸ್ಟರ್ ತೆರೆದು ಅವರ ಮುಂದಿಟ್ಟರು. ಅಧಿಕಾರಿ ಕೆಂಪು ಸಾಲಿನ ಮೇಲೆ ಬೆರಳಿಟ್ಟರು.

“ಅದು ನನ್ನ ತಪ್ಪು ಸರ,” ಎಂದರು ಸುಜಾತ. “ಪುಸ್ತಕ ತೆಗದಂಗೆ ತೆಗದೆ. ಮೂರು ವಾಪಸ್ ತಂದೀನಿ. ಇದಕ್ಕೆ ಇನ್ನೊಂದು ವಾರ ಬೇಕು.”

ನಾನು ಎದ್ದು, ನಾಲ್ಕನೆಯದು ಉಳಿದದ್ದು ನನ್ನಿಂದ ಎಂದು ನಡೆದದ್ದನ್ನು ಹೇಳಿದೆ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಇಂದಿನ ಸ್ಥಿತಿಯನ್ನಷ್ಟೇ ತಾವು ಬರೆಯಬೇಕು ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಅವರು ಬರೆದದ್ದು ಇಷ್ಟು: ಮೂರು ಯಂತ್ರ ಬಳಕೆಯಲ್ಲಿವೆ, ಅಲ್ಲೇ ಉಳಿಸುವುದು. ಒಂದು ನಿಂತಿದೆ, ಜಗಳೂರಿಗೆ ವರ್ಗಾಯಿಸುವುದು. ಮುಂದಿನ ಬುಧವಾರ ಲಗೇಜ್ ಆಟೋ ಬಂದು ಅದನ್ನು ಒಯ್ದಿತು. ಮಳೆ ಹನಿಯುತ್ತಿತ್ತೆಂದು ರೇಣುಕಮ್ಮ ಗೋಣಿಚೀಲ ತಂದು ಅದಕ್ಕೆ ಹೊದಿಸಿದರು.

ಕೆಟ್ಟ ಯಂತ್ರ ಹೋದದ್ದೇ ಒಳ್ಳೆಯದಾಯಿತು, ಮೂರು ಉಳಿದವಲ್ಲ ಎಂದು ಊರಿನವರು ಸಮಾಧಾನ ಹೇಳಿದರು. ಸುಜಾತ ಅದಕ್ಕೆ ಒಪ್ಪಲಿಲ್ಲ. ಯಂತ್ರ ಒಯ್ಯುವ ಮುಂಚೆಯೇ ಅದರ ನಲವತ್ತೇಳು ಹೆಸರುಗಳನ್ನು ಬಾಲ ಸಮೇತ ಬರೆದುಕೊಂಡಿದ್ದರು. ಆಗಸ್ಟ್ ಮೊದಲ ವಾರ ಮೂರನೇ ಸಲ ಚನ್ನಗಿರಿಗೆ ಹೋಗಿ ಅಷ್ಟನ್ನೂ, ಅವು ಕೇಳುವ ಆಧಾರಗಳನ್ನೂ ಇಲಿಯಾಸ್ ಅಂಗಡಿಯಲ್ಲಿ ಇಳಿಸಿಕೊಂಡರು. ಅದರ ಮುಂದಿನ ಭಾನುವಾರ, ತಮ್ಮ ರಜೆಯ ದಿನ, ಜಗಳೂರಿಗೆ ಹೊರಟರು. ಬಾಲ ಕತ್ತರಿಸಿದವನು ನಾನಾದ್ದರಿಂದ ಜೊತೆಗೆ ಹೋದೆ.

ದಾವಣಗೆರೆ ದಾಟಿದ ಮೇಲೆ ಮಳೆ ಹಿಂದುಳಿಯಿತು. ಜಗಳೂರಿನಲ್ಲಿ ಒಣ ಗಾಳಿ ಬೀಸುತ್ತಿತ್ತು, ಮೆಕ್ಕೆಜೋಳ ಮೊಣಕಾಲುದ್ದವಿತ್ತು. ಅಲ್ಲಿನ ಗ್ರಂಥಾಲಯದ ಮೇಲ್ವಿಚಾರಕ ತಿಪ್ಪೇಸ್ವಾಮಿ ನಮಗಾಗಿ ಬಾಗಿಲು ತೆಗೆದು ಕಾದಿದ್ದರು. ಯಂತ್ರದ ಮೇಲೆ ಕಸೂತಿಯ ಬಟ್ಟೆ ಹಾಸಿ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು.

“ಕೆಟ್ಟಿದ್ದನ್ನ ನಮ್ಮ ಕಡೆ ತಳ್ಳಿದ್ರಿ ಅಂತ ಮಾತಾಡಿಕೊಂಡಿದ್ವಿ ನೋಡ್ರಿ,” ಎಂದರು ಅವರು, ನಗುತ್ತಲೇ.

“ಕೆಟ್ಟಿಲ್ಲ ರೀ,” ಎಂದು ಸುಜಾತ ಹೂವಿನ ಕುಂಡ ಎತ್ತಿ ಪಕ್ಕಕ್ಕಿಟ್ಟರು. “ತೆಗದಿದ್ದು ನಾನು. ಹಾಕಾಕೆ ಬಂದೀನಿ.”

ಒಂದು ತಾಸು ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ಯಂತ್ರ ಏನೋ ಕೇಳಿತು; ಕೇಳಿದ್ದು ಪೆನ್‌ಡ್ರೈವಿನಲ್ಲಿತ್ತು. ಚಿತ್ರ ಬಂದ ಮೇಲೆ ಸುಜಾತ ತಿಪ್ಪೇಸ್ವಾಮಿಯವರಿಂದ ಖಾಲಿ ರಿಜಿಸ್ಟರ್ ಒಂದನ್ನು ಕೇಳಿ ಪಡೆದು, ಸ್ಕೇಲ್ ಇಟ್ಟು ಕಾಲಮ್ಮುಗಳನ್ನು ಎಳೆದರು. ಹೆಸರು ಮತ್ತು ದಿನದ ನಡುವೆ ಒಂದು ಹೊಸ ಕಾಲಮ್ ಇತ್ತು. ತಲೆಬರಹ: ಬಾಲ. ರಿಮೂವ್ ಸಾಲು ಒತ್ತುವ ಮುಂಚೆ ಯಂತ್ರ ತೋರಿಸುವ ಪಟ್ಟಿಯನ್ನು ಇದರೊಳಗೆ ಬರೆಯಬೇಕು, ಬರೆದು ಮುಗಿದ ಮೇಲೇ ಹೌದು ಎನ್ನಬೇಕು ಎಂದು ಅವರಿಗೆ ವಿವರಿಸಿದರು. ನಲವತ್ತೇಳನ್ನೂ ಬರೆಯುವಷ್ಟು ಉದ್ದ ಇದ್ದರೆ ಏನು ಮಾಡುವುದೆಂದು ತಿಪ್ಪೇಸ್ವಾಮಿ ಕೇಳಿದರು. “ಅಷ್ಟು ಉದ್ದ ಇದ್ರೆ ಬ್ಯಾಡ ಅನ್ರಿ,” ಎಂದರು ಸುಜಾತ. ಮೊದಲ ಸಾಲನ್ನು ತಾವೇ ತುಂಬಿ, ಸಹಿಯ ಜಾಗವನ್ನು ಅವರಿಗೆ ಬಿಟ್ಟರು.

ಕಳೆದ ವಾರ ಬೀರು ಮುಚ್ಚಿ ಸುಜಾತರ ಮೇಜಿನ ಹತ್ತಿರ ಬಂದಾಗ ತಂತ್ರಾಂಶಗಳ ರಿಜಿಸ್ಟರ್ ತೆರೆದೇ ಇತ್ತು. ಕೊನೆಯ ನಮೂದಿನ ಸಂಖ್ಯೆ ನೂರಾ ಹನ್ನೆರಡು: ಕನ್ನಡ ಅಕ್ಷರಗಳ ಒಂದು ಪ್ಯಾಕೇಜು, ಕೇಳಿದವರು ಜಗಳೂರಿನ ಗ್ರಂಥಾಲಯ, ಬಾಲ 386, ಪೆನ್‌ಡ್ರೈವಿನಲ್ಲಿ ಕಳಿಸಿದೆ. ಸಹಿ ರೇಣುಕಮ್ಮನವರದು.